ರಸ್ತೆಯ ಲೆಕ್ಕ, ಪಯಣಿಗರ ಲೆಕ್ಕ

ಹೆದ್ದಾರಿಯ ಅಂಚಿನಲ್ಲಿ ಬೇವಿನ ಮರದ ನೆರಳಿಗೆ ಕುರ್ಚಿ ಹಾಕಿಕೊಂಡು ಕುಳಿತು, ಹಾಯ್ದುಹೋಗುವ ಒಂದೊಂದು ವಾಹನಕ್ಕೆ ಒಂದೊಂದು ಗೆರೆಯನ್ನೆಳೆಯುತ್ತ, ನಾಲ್ಕು ಗೆರೆಗಳಾದೊಡನೆ ಐದನೆಯದನ್ನು ಅಡ್ಡಲಾಗಿ ಹಾಕುವ ಮನುಷ್ಯನನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಈಗೀಗ ಆತನ ಸ್ಥಾನದಲ್ಲಿ ಕಂಬದ ಮೇಲೊಂದು ಕ್ಯಾಮೆರಾ ಕಾಣಿಸಿಕೊಳ್ಳುವುದೂ ಉಂಟು. ಕೆಲಸ ಮಾತ್ರ ಒಂದೇ: ಸಂಚಾರ ಗಣತಿ. ಆ ಗೆರೆಗಳು ಅಂಕಿಗಳಾಗಿ, ಅಂಕಿಗಳು ಕೋಷ್ಟಕಗಳಾಗಿ, ಕೋಷ್ಟಕಗಳು ಕಡೆಗೆ ರಸ್ತೆಯ ಅಗಲವನ್ನೂ ಡಾಂಬರಿನ ದಪ್ಪವನ್ನೂ ಗೊತ್ತುಪಡಿಸುತ್ತವೆ. ಭೌತಶಾಸ್ತ್ರವನ್ನು ಕಲಿಸಿ ಹೊಟ್ಟೆ ಹೊರೆಯುವ ನಮಗೆ ಎಣಿಕೆಯ ಕೆಲಸದಲ್ಲಿ ಸಹಜವಾದ ಗೌರವವುಂಟು. ಆದರೆ ಏನನ್ನು ಎಣಿಸಬೇಕೆಂದು ನಿಶ್ಚಯಿಸಿದ ಮೇಲೆ ಎಣಿಸುವುದು ಸುಲಭ. ಆ ನಿಶ್ಚಯವೇ ಕಷ್ಟದ್ದು. ಗದಗ ಜಿಲ್ಲೆಯ ಉತ್ತರಭಾಗದ ನರಗುಂದ, ರೋಣ, ಗಜೇಂದ್ರಗಡ ತಾಲೂಕುಗಳ ಮಟ್ಟಿಗೆ ಆ ನಿಶ್ಚಯದಲ್ಲಿಯೇ ದೋಷವಿದೆಯೆಂದು ನಾವು ಭಾವಿಸುತ್ತೇವೆ. ಇಲ್ಲಿ ರಸ್ತೆಯ ಲೆಕ್ಕವುಂಟು. ರಸ್ತೆಗಾಗಿ ಕಾದಿರುವವರ ಲೆಕ್ಕವಿಲ್ಲ.

ಭೂಪಟವನ್ನು ಬಿಡಿಸಿ ನೋಡಿದರೆ ಈ ಮೂರು ಪಟ್ಟಣಗಳು ಬಹುಮಟ್ಟಿಗೆ ಒಂದೇ ಅಕ್ಷಾಂಶದ ಮೇಲೆ, ಉತ್ತರ 15.7 ಅಂಶದ ಆಸುಪಾಸಿನಲ್ಲಿ, ಸಾಲಾಗಿ ನಿಂತಿರುವುದು ಕಂಡುಬರುತ್ತದೆ. ಪಡುವಣದಲ್ಲಿ ನರಗುಂದ, ನಡುವೆ ರೋಣ, ಮೂಡಣದಲ್ಲಿ ಗಜೇಂದ್ರಗಡ. ನೇರಗೆರೆಯಲ್ಲಿ ಅಳೆದರೆ ತುದಿಯಿಂದ ತುದಿಗೆ ಸುಮಾರು 60 ಕಿಲೋಮೀಟರು. ಆದರೆ ಈ ಸೀಮೆಯ ದೊಡ್ಡ ಹಾದಿಗಳು ಈ ಸಾಲನ್ನು ಅಡ್ಡವಾಗಿ ಕತ್ತರಿಸಿ ದಕ್ಷಿಣೋತ್ತರವಾಗಿ ಓಡುತ್ತವೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿ ನರಗುಂದವನ್ನು ಹಾಯುತ್ತದೆ. ಗದಗಿನಿಂದ ಹೊಟಗಿಯತ್ತ 1884ರಲ್ಲಿ ತೆರೆದ ರೈಲುಮಾರ್ಗವು ರೋಣ ತಾಲೂಕಿನ ಹೊಳೆಆಲೂರನ್ನು ಮುಟ್ಟಿ ಬಾದಾಮಿಗೆ ಹೋಗುತ್ತದೆ. ಈ ಮೂರು ತಾಲೂಕು ಪಟ್ಟಣಗಳಲ್ಲಿ ಒಂದನ್ನಾದರೂ ಅದು ಮುಟ್ಟುವುದಿಲ್ಲ. ಗಜೇಂದ್ರಗಡದವರು ಬಾಗಲಕೋಟೆಯ ಕಡೆಗೂ ಗದಗಿನ ಕಡೆಗೂ ಮುಖ ಮಾಡುತ್ತಾರೆ. ಹೀಗೆ ಒಂದೇ ಸಾಲಿನ ಮೂರು ಊರುಗಳು ಪರಸ್ಪರ ನೆರೆಯವರಾಗಿದ್ದೂ, ಒಂದರಿಂದ ಮತ್ತೊಂದಕ್ಕೆ ಹೋಗಬೇಕಾದವನು ಎರಡನೆಯ ದರ್ಜೆಯ ರಸ್ತೆಯನ್ನೂ ಎರಡನೆಯ ಬಸ್ಸನ್ನೂ ನೆಚ್ಚಬೇಕಾಗಿದೆ.

ಇದು ಇಂದು ನಿನ್ನೆಯ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರೆಭೂಮಿಯ ಹತ್ತಿಯು ಎತ್ತಿನ ಹೇರುಗಳಲ್ಲಿಯೂ ಬಂಡಿಗಳಲ್ಲಿಯೂ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ದೊರೆಯದೆ ಹೋದಾಗ, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದಿತು. ಹತ್ತಿಗೆ ಬೆಲೆ ಬಂದುದರಿಂದ ಹಾದಿಗೂ ಬೆಲೆ ಬಂದಿತು. ತರುವಾಯ ರೈಲು ಬಂದು ಕುಮಟೆಯ ವೈಭವವನ್ನು ಕಸಿದುಕೊಂಡಿತು. ನಾವು ಹೇಳಬೇಕಾದುದಿಷ್ಟೇ: ಈ ನಾಡಿನ ಹಾದಿಗಳ ಅಳತೆಗೋಲು ಮೊದಲಿನಿಂದಲೂ ಹತ್ತಿಯ ಅಂಡಿಗೆಯೇ ಹೊರತು, ಅಂಡಿಗೆಯ ಹಿಂದೆ ನಡೆದುಹೋಗುವ ಮನುಷ್ಯನಲ್ಲ.

ಈಗಿನ ಅಳತೆಗೋಲನ್ನು ನೋಡೋಣ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯು ನಮ್ಮ ಇಂಜಿನಿಯರರಿಗೆ ರಸ್ತೆಯ ಶಾಸ್ತ್ರವನ್ನು ವಿಧಿಸುತ್ತದೆ. ನಾನಾ ಬಗೆಯ ವಾಹನಗಳನ್ನು ಕೂಡಿಸಬೇಕಾದರೆ ಅವುಗಳಿಗೆ ಒಂದು ಸಮಾನ ಏಕಮಾನ ಬೇಕು. ಕುದುರೆಯನ್ನೂ ಕುರಿಯನ್ನೂ ಹಾಗೆಯೇ ಕೂಡಿಸಲು ಬರುವುದಿಲ್ಲ. ಆದುದರಿಂದ ಒಂದು ಮೋಟಾರು ಕಾರನ್ನು ಒಂದು ಏಕಮಾನವೆಂದು ಭಾವಿಸಿ, ಉಳಿದವುಗಳಿಗೆ ಅದರ ಪಟ್ಟಿನಲ್ಲಿ ಬೆಲೆ ಕಟ್ಟಿದ್ದಾರೆ. ಗ್ರಾಮಾಂತರ ರಸ್ತೆಗಳ ಸಾಮರ್ಥ್ಯವನ್ನು ಕುರಿತ 1990ರ ಮಾರ್ಗಸೂಚಿಯ ಪ್ರಕಾರ ಬಸ್ಸು ಅಥವಾ ಲಾರಿಗೆ 3, ಟ್ರ್ಯಾಕ್ಟರು ಟ್ರೇಲರಿಗೆ 4.5, ಆಟೋರಿಕ್ಷಾಕ್ಕೆ 1, ಬೈಸಿಕಲ್ಲಿಗೆ ಅರ್ಧ, ಎತ್ತಿನ ಬಂಡಿಗೆ 8. ಹೌದು, ನಮ್ಮ ಎತ್ತಿನ ಬಂಡಿ ಎಂಟು ಕಾರುಗಳಿಗೆ ಸಮ! ರೈತರು ಇದನ್ನು ಕೇಳಿ ಬೀಗಬೇಕಾಗಿಲ್ಲ. ಇದು ಮರ್ಯಾದೆಯ ಲೆಕ್ಕವಲ್ಲ, ಅಡ್ಡಿಯ ಲೆಕ್ಕ. ಒಂದು ವಾಹನವು ರಸ್ತೆಯ ಎಷ್ಟು ಸ್ಥಳವನ್ನು ಎಷ್ಟು ಹೊತ್ತು ಆಕ್ರಮಿಸಿ ಹಿಂದಿನವರನ್ನು ತಡೆಯುತ್ತದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಆ ಪ್ರಶ್ನೆಗೆ ಅದು ಸರಿಯಾದ ಉತ್ತರವೇ ಸರಿ.

ಆದರೆ ಒಳಗೆ ಕುಳಿತವರನ್ನು ನೆನೆಯಿರಿ. ಬೆಳಗಿನ ಬಸ್ಸಿನಲ್ಲಿ ಕುಳಿತವರು, ನಿಂತವರು, ಬಾಗಿಲಲ್ಲಿ ಜೋತವರು ಸೇರಿ ಎಂಬತ್ತು ಮಂದಿ ಇದ್ದರೆ ಆ ಎಂಬತ್ತು ಮಂದಿಯೂ ಕೂಡಿ 3. ಶೇಂಗಾ ಕೀಳಲು, ಮೆಣಸಿನಕಾಯಿ ಬಿಡಿಸಲು ಬೇರೆ ಊರಿನ ಹೊಲಕ್ಕೆ ಹೊರಟ ಹೆಂಗಸರನ್ನು ಡಜನುಗಟ್ಟಲೆ ತುಂಬಿಕೊಂಡ ಟಂಟಂ, ಆಟೋರಿಕ್ಷಾದ ಲೆಕ್ಕಕ್ಕೆ ಸೇರಿ 1. ಒಬ್ಬನೇ ಕುಳಿತು ಓಡಿಸಿಕೊಂಡು ಹೋಗುವ ಕಾರೂ 1. ತಲೆಯ ಮೇಲೆ ಬುತ್ತಿಯ ಗಂಟನ್ನಿಟ್ಟುಕೊಂಡು ರಸ್ತೆಯ ಬದಿಗೆ ನಡೆದುಹೋಗುವವಳಿಗೆ ಆ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಚಲನೆಯನ್ನು ವರ್ಣಿಸುವಾಗ ಯಾವ ನೆಲೆಯಲ್ಲಿ ನಿಂತು ನೋಡುತ್ತಿದ್ದೇವೆಂಬುದನ್ನು ಮೊದಲು ಹೇಳಬೇಕೆಂದು ನಾವು ಮೊದಲನೆಯ ವರ್ಷದ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಸಂಚಾರ ಗಣತಿಯು ರಸ್ತೆಯ ನೆಲೆಯಲ್ಲಿ ನಿಂತು ನೋಡಿದ ನೋಟ. ಪಯಣಿಗನ ನೆಲೆಯಿಂದ ನೋಡಿದರೆ ಅದೇ ಸಂಚಾರವು ಬೇರೆಯೇ ಆಗಿ ತೋರುತ್ತದೆ.

ಎಣಿಸುವ ದಿನಗಳ ಆಯ್ಕೆಯಲ್ಲಿಯೂ ಇದೇ ಮಾತು. ಅದೇ ಸಂಸ್ಥೆಯ 1972ರ ಗಣತಿಯ ನಿಯಮಗಳು ವರ್ಷಕ್ಕೆ ಎರಡು ಸಲ, ಸುಗ್ಗಿಯ ಮಾರಾಟದ ಕಾಲದಲ್ಲಿ ಒಮ್ಮೆ, ಮಂದವಾದ ಕಾಲದಲ್ಲಿ ಒಮ್ಮೆ, ಏಳೇಳು ದಿನ ಹಗಲಿರುಳು ಎಣಿಸಬೇಕೆನ್ನುತ್ತವೆ. ಬಹಳ ವಿವೇಕದ ಮಾತು. ಆದರೆ ಜಾತ್ರೆ, ಪ್ರದರ್ಶನಗಳಂಥ ಅಸಾಮಾನ್ಯ ಸನ್ನಿವೇಶವಿದ್ದಲ್ಲಿ ಸಂಚಾರವು ಸಹಜಸ್ಥಿತಿಗೆ ಮರಳುವವರೆಗೆ ಗಣತಿಯನ್ನು ಕೆಲವು ದಿನ ಮುಂದೂಡಬೇಕೆಂದೂ ಅವು ವಿಧಿಸುತ್ತವೆ. ಈ ಸೀಮೆಯವರಿಗೆ ಈ ವಾಕ್ಯ ನಗೆ ತರಿಸುತ್ತದೆ. ದವನದ ಹುಣ್ಣಿವೆಗೆ ಗಜೇಂದ್ರಗಡದ ಕಾಲಕಾಲೇಶ್ವರನ ಬೆಟ್ಟಕ್ಕೆ ಜನ ಹರಿದುಬರುತ್ತದೆ. ನರಗುಂದದ ನೆರೆಯಲ್ಲಿಯೇ ಸವದತ್ತಿಯ ಎಲ್ಲಮ್ಮ. ಹುಣ್ಣಿವೆ ಹುಣ್ಣಿವೆಗೆ ಆ ದಾರಿಯೆಲ್ಲ ಜನ. ಬನದ ಹುಣ್ಣಿವೆಗೆ ಬಾದಾಮಿಯ ಬನಶಂಕರಿ. ಆ ತೇರನ್ನೆಳೆಯುವ ಹಗ್ಗವು ರೋಣ ತಾಲೂಕಿನ ಮಾಡಲಗೇರಿಯಿಂದ ಬಂಡಿಯ ಮೇಲೆ ಹೋಗುವ ರೂಢಿಯುಂಟು. ಇವುಗಳಿಗೆ ಊರೂರಿನ ತೇರುಗಳನ್ನೂ ಅಮವಾಸ್ಯೆಯ ಸೇವೆಗಳನ್ನೂ ಸಂತೆಗಳನ್ನೂ ಕೂಡಿಸಿದರೆ ಸಹಜವಾದ ದಿನ ಯಾವುದು, ಅಸಾಮಾನ್ಯವಾದ ದಿನ ಯಾವುದು? ಪಟ್ಟಣವಾಸಿಯ ಪಯಣವು ಗಡಿಯಾರದಂತೆ ದಿನಕ್ಕೊಮ್ಮೆ ತೂಗುತ್ತದೆ. ಹಳ್ಳಿಯ ಪಯಣಕ್ಕೆ ಏಕಕಾಲದಲ್ಲಿ ಹಲವು ಆವರ್ತಗಳಿವೆ: ಶಾಲೆಗೆ ದಿನದ ಆವರ್ತ, ಸಂತೆಗೆ ವಾರದ್ದು, ಹುಣ್ಣಿವೆಗೆ ತಿಂಗಳದ್ದು, ಸುಗ್ಗಿಗೆ ಮತ್ತು ಗುಳೆಗೆ ವರ್ಷದ್ದು. ಗೋವೆಗೂ ಮಂಗಳೂರಿಗೂ ದುಡಿಯಲು ಹೋಗುವ ತಾಂಡಾಗಳ ಜನ ಹೊರಡುವಾಗ ಒಮ್ಮೆ, ಹಬ್ಬಕ್ಕೆ ಮರಳುವಾಗ ಒಮ್ಮೆ ಬಸ್ಸುಗಳನ್ನು ತುಂಬಿಬಿಡುತ್ತಾರೆ. ಇಷ್ಟು ಆವರ್ತಗಳ ಅಲೆಯನ್ನು ಎರಡು ವಾರಗಳ ಮಾದರಿಯಿಂದ ತಿಳಿಯಲು ಹೊರಡುವುದು, ಒಂದು ರಾಗವನ್ನು ಎರಡು ಸ್ವರ ಕೇಳಿ ಗುರುತಿಸಲು ಹೊರಟಂತೆ.

ರಸ್ತೆಯ ನೆಲೆಯ ಲೆಕ್ಕವನ್ನು ನಾವು ಹಳಿಯುತ್ತಿಲ್ಲ. ರಸ್ತೆ ಉಳಿಯಬೇಕಾದರೆ ಅದು ಬೇಕೇ ಬೇಕು. 1958ರಿಂದ 1960ರವರೆಗೆ ಅಮೇರಿಕೆಯ ಇಲಿನಾಯ್ ಸಂಸ್ಥಾನದ ಒಟ್ಟಾವಾ ಎಂಬಲ್ಲಿ ಪ್ರಯೋಗಕ್ಕೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಹಗಲಿರುಳು ಲಾರಿಗಳನ್ನು ಓಡಿಸಿ ಕೆಡಿಸಿ ನೋಡಿದರು. ಗಾಲಿಗಳ ಜೋಡಿಯನ್ನು ಹೊತ್ತ ಅಚ್ಚಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿಯು ಸುಮಾರಾಗಿ ಆ ಭಾರದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆಂಬುದು ಅದರಿಂದ ಹೊರಬಿದ್ದ ನಿಯಮ. ಒಂದು ಟನ್ನಿನ ಅಚ್ಚಿಗಿಂತ ಹತ್ತು ಟನ್ನಿನ ಅಚ್ಚು ಹತ್ತು ಪಟ್ಟಲ್ಲ, ಹತ್ತು ಸಾವಿರ ಪಟ್ಟು ಹಾನಿ ಮಾಡುತ್ತದೆ. 2018ರಲ್ಲಿ ನಮ್ಮ ದೇಶದಲ್ಲಿ ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ಭಾರದಲ್ಲಿ ಎಂಟನೆಯ ಒಂದು ಪಾಲು ಹೆಚ್ಚಾಯಿತು, ಅಷ್ಟೇ. ನಾಲ್ಕನೆಯ ಘಾತವನ್ನು ಹಾಕಿ ನೋಡಿದರೆ ಹಾನಿ 1.6 ಪಟ್ಟು. ಮೇಲಾಗಿ ನಮ್ಮದು ಎರೆಭೂಮಿ. ಮಳೆ ಬಂದರೆ ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ ಈ ಮಣ್ಣಿನ ಮೇಲೆ ಯಾವ ಡಾಂಬರೂ ನೆಮ್ಮದಿಯಿಂದ ಮಲಗುವುದಿಲ್ಲ. ದೂರದ ಊರಿನಿಂದ ದೂರದ ಊರಿಗೆ ಹೋಗುವ ಲಾರಿ ರಸ್ತೆಯನ್ನು ತುಳಿಯುತ್ತದೆ. ತುಳಿದುದರಿಂದಲೇ ಕೋಷ್ಟಕದಲ್ಲಿ ದೊಡ್ಡ ಅಂಕಿಯಾಗಿ ನಿಂತು ರಸ್ತೆಗೆ ಹಣವನ್ನು ತರುತ್ತದೆ. ಹಾನಿ ಮಾಡದವರಿಗೆ ಅಂಕಿಯಿಲ್ಲ. ಈ ವಿಚಿತ್ರವನ್ನು ಇಂಜಿನಿಯರರೂ ಒಪ್ಪುತ್ತಾರೆ.

ಮನುಷ್ಯರನ್ನೇ ಕೇಳುವ ಗಣತಿ ಇಲ್ಲವೇ ಎಂದು ವಾಚಕರು ಕೇಳಬಹುದು. ಉಂಟು. ಇಂಗ್ಲಂಡಿನಲ್ಲಿ ಮನೆಮನೆಗೆ ಹೋಗಿ ಜನರ ಪಯಣಗಳನ್ನು ವಿಚಾರಿಸುವ ರಾಷ್ಟ್ರೀಯ ಪಯಣ ಸಮೀಕ್ಷೆ 1965ರಲ್ಲಿಯೇ ಮೊದಲಾಯಿತು. ನಮ್ಮಲ್ಲಿ 2011ರ ಜನಗಣತಿಯು ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರೆಂದು ಕೇಳಿತು. ಕೇಳಿದುದು ಯಾರನ್ನು? ಜನಗಣತಿಯ ಭಾಷೆಯಲ್ಲಿ ‘ಇತರ ಕೆಲಸಗಾರರು’ ಎನ್ನಿಸಿಕೊಂಡವರನ್ನು ಮಾತ್ರ. ಒಕ್ಕಲಿಗನು, ಹೊಲದ ಕೂಲಿಯವನು, ಮನೆಯ ಕಸುಬಿನವನು ಆ ಗುಂಪಿಗೆ ಸೇರುವುದಿಲ್ಲ. ಅಂದ ಮೇಲೆ ರೋಣದ ಬೇಸಾಯಗಾರನೂ ನರಗುಂದದ ಹತ್ತಿ ಬಿಡಿಸುವವಳೂ ಗಜೇಂದ್ರಗಡದಲ್ಲಿ ಮನೆಯ ಮಗ್ಗದ ಮೇಲೆ ಸೀರೆ ನೇಯುವವನೂ ಪಯಣವೇ ಇಲ್ಲದ ಜನವಾದರು. ನೂಲು ತರಲು, ಸೀರೆ ಮಾರಲು ನೇಕಾರನು ಹೋಗಿಬಂದ ದಾರಿ ಯಾವ ಪಟ್ಟಿಯಲ್ಲಿಯೂ ಇಲ್ಲ. ವಿದ್ಯಾರ್ಥಿಗಳೂ ಇಲ್ಲ.

ವಿದ್ಯಾರ್ಥಿಗಳ ಮಾತು ಬಂದುದರಿಂದ ನಮ್ಮ ಹಾಜರಿ ಪುಸ್ತಕದ ಕತೆಯೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಬೆಳಗಿನ ಪ್ರಯೋಗದ ತರಗತಿಗೆ ಒಬ್ಬ ಹುಡುಗಿ ಮೇಲಿಂದ ಮೇಲೆ ತಡವಾಗಿ ಬರುತ್ತಿದ್ದಳು. ಉಳಿದವರು ಲೋಲಕದ ಇಪ್ಪತ್ತು ತೂಗಾಟಗಳ ಕಾಲವನ್ನು ಅಳೆದು ಮುಗಿಸಿ ಆಲೇಖ ಬರೆಯುತ್ತಿರುವಾಗ ಆಕೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಾಲವನ್ನು ಅಳೆಯಲು ಕಲಿಯಬೇಕಾದವರು ಮೊದಲು ಕಾಲಕ್ಕೆ ಸರಿಯಾಗಿ ಬರಬೇಕೆಂದು ನಾವು ಒಂದು ದಿನ ಸ್ವಲ್ಪ ಕಠಿಣವಾಗಿಯೇ ನುಡಿದೆವು. ಆ ಮಾತಿನ ಚಮತ್ಕಾರಕ್ಕೆ ತರಗತಿ ನಕ್ಕಿತು. ನಾವೂ ನಕ್ಕೆವೆಂದು ತೋರುತ್ತದೆ. ತರುವಾಯ ತಿಳಿಯಿತು: ಆಕೆಯ ಊರಿನ ನಿಲುಗಡೆಗೆ ಬಸ್ಸು ವೇಳೆಗೆ ಸರಿಯಾಗಿಯೇ ಬರುತ್ತಿತ್ತು, ಆದರೆ ತುಂಬಿ ಬರುತ್ತಿದ್ದುದರಿಂದ ನಿಲ್ಲುತ್ತಿರಲಿಲ್ಲ. ಅದರ ಮುಂದಿನದಕ್ಕೆ ಆಕೆ ಬರುತ್ತಿದ್ದಳು. ಹಾಯ್ದುಹೋದ ಆ ಬಸ್ಸು ಹೆದ್ದಾರಿಯ ಗಣತಿಕಾರನಿಗೆ ಒಂದು ಗೆರೆ. ಸಾರಿಗೆಯ ಲೆಕ್ಕದಲ್ಲಿ ತುಂಬಿದ ಬಸ್ಸು, ಅಂದರೆ ಯಶಸ್ವಿಯಾದ ಬಸ್ಸು. ಕೈ ಎತ್ತಿ ನಿಂತಿದ್ದವಳು ಎಲ್ಲಿಯೂ ಇಲ್ಲ. ನಮ್ಮ ಪುಸ್ತಕದಲ್ಲಿ ಮಾತ್ರ ‘ತಡ’ ಎಂದು ಇದ್ದಳು. ಮರುವರ್ಷ ಆಕೆ ಬರಲಿಲ್ಲ. ಬಸ್ಸೊಂದೇ ಕಾರಣವೆಂದು ನಾವು ಹೇಳಲಾರೆವು. ಆದರೆ ಮಗಳು ಕತ್ತಲಾದ ಮೇಲೆ ಮನೆಗೆ ಬರುವ ಊರುಗಳಲ್ಲಿ ಓದು ಬಿಡಿಸುವುದಕ್ಕೆ ಬೇರೆ ಕಾರಣಗಳನ್ನು ಬಹಳ ಹುಡುಕಬೇಕಾಗಿಲ್ಲ.

ಇಲ್ಲಿ ಒಂದು ಸಣ್ಣ ಗಣಿತವುಂಟು. ಅದನ್ನು ವಾಚಕರು ತಾವೇ ಮಾಡಿ ನೋಡಬಹುದು. ತಾಸಿಗೆ ಎರಡು ಬಸ್ಸುಗಳಿರುವ ದಾರಿಯಲ್ಲಿ ಸರಾಸರಿ ಅಂತರ 30 ನಿಮಿಷ. ಆದುದರಿಂದ ಕಾಯುವ ಸರಾಸರಿ ಕಾಲ 15 ನಿಮಿಷವೆಂದು ಕಾಗದದ ಮೇಲೆ ತೋರುತ್ತದೆ. ಆದರೆ ಆ ಎರಡು ಬಸ್ಸುಗಳು ಹತ್ತು ನಿಮಿಷದ ಅಂತರದಲ್ಲಿ ಒಂದರ ಬೆನ್ನಿಗೊಂದು ಬಂದು, ಆ ಮೇಲೆ 50 ನಿಮಿಷ ಯಾವುದೂ ಬರದಿದ್ದರೆ? ಗೊತ್ತಿಲ್ಲದೆ ನಿಲ್ದಾಣಕ್ಕೆ ಬಂದವನು ಆರರಲ್ಲಿ ಐದು ಸಲ ಆ ದೊಡ್ಡ ಅಂತರದಲ್ಲಿಯೇ ಸಿಕ್ಕಿಬೀಳುತ್ತಾನೆ. ಲೆಕ್ಕ ಹಾಕಿದರೆ ಆತನು ಕಾಯುವ ಸರಾಸರಿ ಕಾಲ ಸುಮಾರು 22 ನಿಮಿಷ. ಅದರಂತೆಯೇ ಒಂದು ಬಸ್ಸಿನಲ್ಲಿ 80, ಇನ್ನೊಂದರಲ್ಲಿ 20 ಮಂದಿ ಇದ್ದರೆ ಸರಾಸರಿ 50 ಮಂದಿ, ಎಲ್ಲರಿಗೂ ಸ್ಥಳವುಂಟು ಎಂದು ವರದಿ ಬರೆಯಬಹುದು. ಪಯಣಿಗರನ್ನು ಕೇಳಿದರೆ ಎಂಬತ್ತು ಮಂದಿ ‘ಎಂಬತ್ತು’ ಎನ್ನುತ್ತಾರೆ, ಇಪ್ಪತ್ತು ಮಂದಿ ‘ಇಪ್ಪತ್ತು’ ಎನ್ನುತ್ತಾರೆ. ಅವರ ಸರಾಸರಿ 68. ಎರಡೂ ಅಂಕಿಗಳು ಸತ್ಯ. ಒಂದು ಬಸ್ಸಿನ ಸತ್ಯ, ಮತ್ತೊಂದು ಬಸ್ಸಿನಲ್ಲಿದ್ದವರ ಸತ್ಯ. ‘ಬಸ್ಸುಗಳು ಸಾಕಷ್ಟಿವೆ’ ಎನ್ನುವ ಅಧಿಕಾರಿಯೂ ‘ಬಸ್ಸೇ ಇಲ್ಲ’ ಎನ್ನುವ ಹಳ್ಳಿಯವನೂ ಜಗಳವಾಡುವಾಗ ಇಬ್ಬರಲ್ಲಿ ಒಬ್ಬನು ಸುಳ್ಳು ಹೇಳುತ್ತಿರಬೇಕೆಂದು ನಾವು ತಿಳಿಯುತ್ತೇವೆ. ಹಾಗೇನೂ ಇಲ್ಲ.

ಹೊಳೆಯ ಕಡೆಗೆ ಹೋದರೆ ಈ ತೊಡಕು ಮತ್ತಷ್ಟು ಸ್ಪಷ್ಟವಾಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರನ್ನು ಹೊಕ್ಕಾಗ ಹೆದ್ದಾರಿಯ ಸಂಚಾರವೇ ನಿಂತುಹೋಯಿತು. ಬೆಣ್ಣಿಹಳ್ಳವೂ ಮಳೆಗಾಲದಲ್ಲಿ ತನ್ನ ಹೆಸರಿಗೆ ತಕ್ಕ ಮೃದುತ್ವವನ್ನು ತೋರಿಸುವುದಿಲ್ಲ. ಅಂಥ ದಿನಗಳಲ್ಲಿ ಗಣತಿ ಮಾಡಿದರೆ ಸಂಚಾರ ಶೂನ್ಯ. ಯಂತ್ರವನ್ನು ಹಚ್ಚದೆಯೇ ಅದರ ಮುಳ್ಳು ಸೊನ್ನೆಯ ಮೇಲಿದೆಯೆಂದು ಬರೆದುಕೊಂಡ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಆಗದೆ ಹೋದ ಪಯಣವನ್ನು ಬೇಡವಾದ ಪಯಣವೆಂದು ಬರೆಯುವುದು ಅದೇ ತಪ್ಪು.

ಆಗದೆ ಹೋದ ಪಯಣಗಳು ನಿಜವಾಗಿಯೂ ಇರುತ್ತವೆಯೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಮಹಾಪ್ರಯೋಗ ನಡೆಯಿತು. ಅದನ್ನು ಪ್ರಯೋಗವೆಂದು ಯಾರೂ ಕರೆಯಲಿಲ್ಲ, ಅಷ್ಟೇ. 2023ರ ಜೂನ್ 11ರಂದು ಶಕ್ತಿ ಯೋಜನೆಯನ್ವಯ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲದ ಪಯಣ ಮೊದಲಾಯಿತು. ದರವಿಲ್ಲದಿದ್ದರೂ ಚೀಟಿಯುಂಟು; ಶೂನ್ಯ ಬೆಲೆಯ ಆ ಚೀಟಿಯೇ ಭೌತಶಾಸ್ತ್ರದವರ ದೃಷ್ಟಿಯಲ್ಲಿ ಯೋಜನೆಯ ಅತ್ಯಂತ ಬೆಲೆಯುಳ್ಳ ಭಾಗ. 2025ರ ಜುಲೈ ಹೊತ್ತಿಗೆ ಅಂಥ ಚೀಟಿಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು. ಇವುಗಳಲ್ಲಿ ಬಹುಪಾಲು ಮೊದಲೂ ಇದ್ದ ಪಯಣಗಳೇ. ಆದರೆ ಬಸ್ಸು ಹತ್ತಿದವರ ಸಂಖ್ಯೆ ಏರಿದುದನ್ನು ಹೊಸಲಿನಲ್ಲಿ ನಿಂತು ನೋಡಿದವರೂ ಬಲ್ಲರು. ಆ ಹೆಚ್ಚಳ ಎಲ್ಲಿತ್ತು? ಮನೆಯಲ್ಲಿ ಕುಳಿತಿತ್ತು. ಪುಕ್ಕಟೆಯಾದುದರಿಂದ ಅನವಶ್ಯಕವಾಗಿ ತಿರುಗುತ್ತಾರೆಂದು ಹೇಳುವವರುಂಟು. ಹೆದ್ದಾರಿಯ ಗಣತಿಕಾರನು ಯಾವ ಕಾರನ್ನೂ ನಿಲ್ಲಿಸಿ, ‘ಸ್ವಾಮೀ, ತಮ್ಮ ಈ ಪಯಣ ಅವಶ್ಯವೋ?’ ಎಂದು ಕೇಳುವುದಿಲ್ಲ. ತವರಿಗೆ ಹೊರಟವಳನ್ನು ಮಾತ್ರ ಏಕೆ ಕೇಳಬೇಕು? ಬಸ್ಸುಗಳು ಮೊದಲಿಗಿಂತ ಇಕ್ಕಟ್ಟಾಗಿವೆಯೆಂಬ ದೂರು ಬೇರೆ. ಅದು ನಿಜವಾದ ದೂರು. ಬೇಡಿಕೆ ಬೆಳಕಿಗೆ ಬಂದಷ್ಟು ವೇಗದಲ್ಲಿ ಬಸ್ಸು ಬರಲಿಲ್ಲ ಎಂಬುದೇ ಅದರ ಅರ್ಥ.

ಹಾಗಾದರೆ ಮಾಡಬೇಕಾದುದೇನು? ಹೊಸ ಇಲಾಖೆಯನ್ನಾಗಲಿ ಹೊಸ ಯಂತ್ರವನ್ನಾಗಲಿ ನಾವು ಬೇಡುತ್ತಿಲ್ಲ. ನಿರ್ವಾಹಕನ ಕೈಯಲ್ಲಿರುವ ಚೀಟಿಯ ಯಂತ್ರವು ಯಾವ ಹಂತದಲ್ಲಿ ಎಷ್ಟು ಮಂದಿ ಹತ್ತಿ ಎಲ್ಲಿಗೆ ಹೋದರೆಂಬುದನ್ನು ಆಗಲೇ ಬರೆದುಕೊಳ್ಳುತ್ತಿದೆ. ಹೆಸರು ವಿಳಾಸಗಳ ಗೊಡವೆಯಿಲ್ಲದೆ ಆ ಅಂಕಿಗಳನ್ನು ತಾಲೂಕುವಾರಾಗಿ, ತಿಂಗಳುವಾರಾಗಿ ಪ್ರಕಟಿಸಿದರೆ ನರಗುಂದದಿಂದ ರೋಣಕ್ಕೂ ರೋಣದಿಂದ ಗಜೇಂದ್ರಗಡಕ್ಕೂ ಹರಿಯುವ ಜನಪ್ರವಾಹವನ್ನು ಯಾರು ಬೇಕಾದರೂ ಓದಬಹುದು. ರಸ್ತೆಯ ಗಣತಿಯಲ್ಲಿ ಸಂತೆಯ ದಿನಕ್ಕೂ ಜಾತ್ರೆಯ ದಿನಕ್ಕೂ ಒಂದು ಪ್ರತ್ಯೇಕ ಹಾಳೆಯಿರಲಿ. ಸರಾಸರಿಯಲ್ಲಿ ಬೆರೆಸುವುದು ಬೇಡವೆಂದರೆ ಬೇಡ. ನಡೆದುಹೋಗುವವರಿಗೆ ಒಂದು ಕಂಬಸಾಲು ಇರಲಿ. 2027ಕ್ಕೆ ನಿಗದಿಯಾದ ಜನಗಣತಿಯಲ್ಲಿ ಪಯಣದ ಪ್ರಶ್ನೆಯನ್ನು ಒಕ್ಕಲಿಗನಿಗೂ ಕೂಲಿಯವಳಿಗೂ ವಿದ್ಯಾರ್ಥಿಗೂ ಕೇಳಬೇಕೆಂಬುದು ನಮ್ಮ ಆಸೆ, ಕೇಳುತ್ತಾರೋ ಇಲ್ಲವೋ.

ಉಳಿದುದು ಒಂದೇ ಅಂಕಿ. ಅದನ್ನು ಯಾವ ಯಂತ್ರವೂ ಕೊಡಲಾರದು: ಬಸ್ಸು ಹಾಯ್ದುಹೋದ ಮೇಲೆ ನಿಲುಗಡೆಯಲ್ಲಿ ಉಳಿದವರೆಷ್ಟು? ಇದನ್ನು ನಮ್ಮ ಶಾಲೆ ಕಾಲೇಜುಗಳು ಎಣಿಸಬಲ್ಲವು. ಸಂಖ್ಯಾಶಾಸ್ತ್ರದ ಪಾಠಕ್ಕೆ ಬೇರೆ ಊರಿನ ಕೃತಕ ಉದಾಹರಣೆಗಳನ್ನು ಹುಡುಕುವ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಾರ ತನ್ನ ನಿಲುಗಡೆಯಲ್ಲಿ ಮೂರು ಸಾಲು ಬರೆದುಕೊಂಡು ಬರಲಿ: ಬಸ್ಸು ಬಂದ ವೇಳೆ, ಹತ್ತಿದವರು, ಉಳಿದವರು. ನಾವು ಈ ವರ್ಷ ಹಾಜರಿ ಪುಸ್ತಕದಲ್ಲಿ ‘ತಡ’ ಎಂದು ಬರೆಯುವ ಕಡೆ ಇನ್ನೊಂದು ಸಣ್ಣ ಅಂಕಣವನ್ನು ಗೀಚಿಕೊಂಡಿದ್ದೇವೆ. ಅದರಲ್ಲಿ ಊರಿನ ಹೆಸರು, ಬಿಟ್ಟುಹೋದ ಬಸ್ಸಿನ ವೇಳೆ. ಪುಟ ಬೇಗನೆ ತುಂಬುತ್ತಿದೆ.